ನಾರ್ವೆಯಿಂದ ಅಮೆರಿಕಕ್ಕೆ ಹೋದ ಪೂರ್ವಜರು: ಜಾಡು ಕಡಿದಾಗ ದೋಷ ಹುಡುಕುವ ಕೈಪಿಡಿ

ನಾರ್ವೆ ಮೂಲದ ವಂಶವೃಕ್ಷ ಬಿಡಿಸಲು ಕೂತವರು ಹೆಚ್ಚಾಗಿ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅಮೆರಿಕದಲ್ಲಿ ಮುತ್ತಜ್ಜನ ಸಮಾಧಿ ಇದೆ. ಜಮೀನಿನ ಕಾಗದ ಇದೆ. ಜನಗಣತಿಯಲ್ಲಿ ಹೆಸರಿದೆ, ಮುಂದೆ "ಹುಟ್ಟಿದ್ದು ನಾರ್ವೆ" ಅಂತಲೂ ಇದೆ. ಅಲ್ಲಿಂದ ಅಟ್ಲಾಂಟಿಕ್ ದಾಟಿ ಹುಡುಕಿದರೆ ಅಂಥ ಮನುಷ್ಯ ಹುಟ್ಟಿಯೇ ಇರಲಿಲ್ಲವೇನೋ ಅನ್ನಿಸುತ್ತದೆ.

ಹುಟ್ಟಿರುತ್ತಾನೆ. ದಾಖಲೆಯೂ ಬಹುಮಟ್ಟಿಗೆ ಉಳಿದಿರುತ್ತದೆ. ನಾರ್ವೆಯ ಚರ್ಚ್ ಪುಸ್ತಕಗಳು, ಜನಗಣತಿಗಳು, ವಲಸೆ ಪಟ್ಟಿಗಳು ಆ ದೇಶದ ರಾಷ್ಟ್ರೀಯ ದಾಖಲೆ ಸಂಸ್ಥೆಯ ಡಿಜಿಟಲಾರ್ಕಿವೆಟ್ ಎಂಬ ತಾಣದಲ್ಲಿ ಪುಕ್ಕಟೆಯಾಗಿ ನೋಡಲು ಸಿಗುತ್ತವೆ. ಹಾಗಾಗಿ "ಸಿಗುತ್ತಿಲ್ಲ" ಅಂದರೆ, ಹತ್ತರಲ್ಲಿ ಎಂಟು ಸಲ, ತಪ್ಪು ಹೆಸರನ್ನೋ ತಪ್ಪು ಊರನ್ನೋ ಹಿಡಿದು ಹುಡುಕುತ್ತಿದ್ದೇವೆ ಅಂತ. ಆ ತಪ್ಪು ಸೇರಿಕೊಳ್ಳುವುದು ಅಮೆರಿಕದ ಕಡೆಯಲ್ಲಿ. ರಿಪೇರಿಯೂ ಅಲ್ಲಿಂದಲೇ ಶುರುವಾಗಬೇಕು.

1825ರ ಜುಲೈ 4ರಂದು ರೆಸ್ಟೊರೇಷನ್ ಎಂಬ ಪುಟ್ಟ ಹಡಗು ನಾರ್ವೆಯ ಸ್ಟಾವಾಂಗರ್ ಬಂದರಿನಿಂದ ಅಮೆರಿಕಕ್ಕೆ ಹೊರಟಿತು. ಅಲ್ಲಿಂದ ನೂರು ವರ್ಷದಲ್ಲಿ ಸುಮಾರು 8 ಲಕ್ಷ ಜನ ನಾರ್ವೆ ಬಿಟ್ಟು ಉತ್ತರ ಅಮೆರಿಕಕ್ಕೆ ಹೋದರು. ಹೆಚ್ಚಿನವರು ನೆಲೆ ನಿಂತದ್ದು ವಿಸ್ಕಾನ್ಸಿನ್, ಮಿನ್ನೆಸೋಟ, ಅಯೋವಾ, ಡಕೋಟಗಳಲ್ಲಿ. ಆ ಕಡೆ ಇರುವ ಕನ್ನಡದ ಮನೆಗೆ ನಾರ್ವೆ ಮೂಲದ ಸೊಸೆಯೋ ಅಳಿಯನೋ ಬಂದಿದ್ದರೆ, ಮೊಮ್ಮಕ್ಕಳ ವಂಶವೃಕ್ಷದ ಅರ್ಧ ಮರ ಈ ದಾಖಲೆಗಳಲ್ಲೇ ಇದೆ. ಅಂಥವರಿಗೂ ಇದು ಉಪಯೋಗವಾಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸಮುದ್ರ ದಾಟುವ ಮೊದಲು

ಮೂರು ವಿಷಯ ಕೈಯಲ್ಲಿರಬೇಕು. ಆ ವ್ಯಕ್ತಿಯ ಸ್ವಂತ ಹೆಸರಿನ ಜೊತೆ ಅವನ ಅಪ್ಪನ ಹೆಸರು. ಹುಟ್ಟಿದ ತಾರೀಖು, ಅದಿಲ್ಲದಿದ್ದರೆ ಎರಡು ವರ್ಷದ ಆಚೀಚೆಗೆ ಹುಟ್ಟಿದ ವರ್ಷ. ಮತ್ತು ಚರ್ಚ್ ವಲಯದ (ಅಂದರೆ ಒಬ್ಬ ಪಾದ್ರಿಯ ಕೈಕೆಳಗಿನ ಊರುಗಳ) ಅಥವಾ ತೋಟದ (ಅಂದರೆ ಅವರು ವಾಸವಿದ್ದ ಜಮೀನು-ಮನೆಯ) ಹೆಸರು. ಮೂರರಲ್ಲಿ ಎರಡಿದ್ದರೆ ದಾಟಬಹುದು. ಒಂದೇ ಇದ್ದರೆ ದಾಟಬೇಡಿ, ಸುಮ್ನೆ ವಾರಗಟ್ಟಲೆ ಸಮಯ ಹಾಳು.

ಇವು ಎಲ್ಲಿ ಸಿಗುತ್ತವೆ? ಸರ್ಕಾರಿ ಮರಣ ಪತ್ರದಲ್ಲಿ ಹೆಚ್ಚಾಗಿ "ನಾರ್ವೆ" ಅಂತ ಮಾತ್ರ ಇರುತ್ತದೆ. ಅಪ್ಪ ಅಮ್ಮನ ಹೆಸರನ್ನು ಹೇಳಿದವರು ಆ ಅಜ್ಜ ಅಜ್ಜಿಯನ್ನು ಕಣ್ಣಲ್ಲೂ ನೋಡಿರದ ಮಕ್ಕಳು. ಅದೇ ಸಾವು ಊರಿನ ನಾರ್ವೇಜಿಯನ್ ಲುಥೆರನ್ ಚರ್ಚಿನ ಪುಸ್ತಕದಲ್ಲೂ ದಾಖಲಾಗಿರುತ್ತದೆ. ಅಲ್ಲಿನ ಪಾದ್ರಿ ಎಷ್ಟೋ ಸಲ ನಾರ್ವೆಯಲ್ಲೇ ಹುಟ್ಟಿ ಬೆಳೆದವನು. ಅವನಿಗೆ "ನಾರ್ವೆ" ಅಂತ ಬರೆದರೆ ಏನನ್ನೂ ಬರೆದ ಹಾಗಾಗುವುದಿಲ್ಲ. ಅವನು ವೊಸ್ ಅಂತ, ಟಿನ್ ಅಂತ, ಹಾಲಿಂಗ್‌ಡಾಲ್ ಅಂತ ಬರೆಯುತ್ತಾನೆ. ಈ ಒಂದು ಪುಸ್ತಕಕ್ಕೆ ನಾನು ಕೊಡುವಷ್ಟು ಬೆಲೆ ಬೇರೆ ಯಾವ ಅಮೆರಿಕನ್ ದಾಖಲೆಗೂ ಕೊಡುವುದಿಲ್ಲ. ಸಾವಿನ ಪುಟ ಸಿಗದಿದ್ದರೆ ಮದುವೆ ಪುಟ, ಅದೂ ಸಿಗದಿದ್ದರೆ ಮಕ್ಕಳ ದೀಕ್ಷಾಸ್ನಾನದ ಪುಟ ನೋಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ 1900ರ ಜನಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ, ವಲಸೆ ಬಂದ ವರ್ಷ ಇವೆ. 1890ರದ್ದು 1921ರ ಬೆಂಕಿಯಿಂದಾಗಿ ಬಹುತೇಕ ಹಾಳಾಯಿತು, ಅದನ್ನು ಹುಡುಕಬೇಡಿ. ಅಯೋವಾ ರಾಜ್ಯ 1925ರಲ್ಲಿ ತಾನೇ ನಡೆಸಿದ ಗಣತಿಯಲ್ಲಿ ಅಮ್ಮನ ತವರಿನ ಹೆಸರನ್ನೂ ಕೇಳಿದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಜಮೀನು ಪಡೆದಿದ್ದರೆ ಆ ಕಡತದಲ್ಲಿ ಪೌರತ್ವದ ಕಾಗದವೂ ಸೇರಿರುತ್ತದೆ. ನಾರ್ವೇಜಿಯನ್ ಭಾಷೆಯ ಪತ್ರಿಕೆಗಳನ್ನು ಮರೆಯಬೇಡಿ. ಅಯೋವಾದ ಡೆಕೋರಾದಿಂದ ಬರುತ್ತಿದ್ದ ಡೆಕೋರಾ-ಪೋಸ್ಟೆನ್ 1874ರಿಂದ 1972ರವರೆಗೆ ನಡೆಯಿತು. ಅದರ ಮರಣವಾರ್ತೆಗಳಲ್ಲಿ ಊರಿನ ಹೆಸರು ಬಿಡದೆ ಹಾಕುತ್ತಿದ್ದರು, ಯಾಕೆಂದರೆ ಓದುವವರಿಗೆ ಬೇಕಾಗಿದ್ದೇ ಅದು.

ದೋಷ: ಹೆಸರು ಹಾಕಿದರೆ ಯಾರೂ ಸಿಗುವುದಿಲ್ಲ

ಅಮೆರಿಕದಲ್ಲಿದ್ದ ಮನೆತನದ ಹೆಸರನ್ನು ಹಾಗೇ ನಾರ್ವೆಯಲ್ಲಿ ಹುಡುಕುವುದು. ಎಲ್ಲರೂ ಮೊದಲು ಮಾಡುವುದು ಇದನ್ನೇ.

19ನೇ ಶತಮಾನದ ನಾರ್ವೆಯ ಹಳ್ಳಿಗಳಲ್ಲಿ ಮನೆತನದ ಹೆಸರು ಎಂಬುದೇ ಇರಲಿಲ್ಲ. ಲಾರ್ಸ್ ಎಂಬವನ ಮಗ ಓಲೆ ಆದರೆ ಅವನು ಓಲೆ ಲಾರ್ಸೆನ್. ಅವನ ಅಕ್ಕ ಕಾರಿ ಆದರೆ ಅವಳು ಕಾರಿ ಲಾರ್ಸ್‌ಡಾಟರ್. ಓಲೆಗೆ ಮಗ ಹುಟ್ಟಿದರೆ ಅವನು ಓಲ್ಸೆನ್. ಇದರ ಮುಂದೆ ತೋಟದ ಹೆಸರು ಸೇರುತ್ತದೆ. ನಮ್ಮ ಕಡೆ ಇನಿಷಿಯಲ್‌ನಲ್ಲಿ ಒಂದು ಅಕ್ಷರ ಊರಿಗೆ, ಇನ್ನೊಂದು ಅಪ್ಪನಿಗೆ ಅಂತ ಇಡುತ್ತೇವಲ್ಲ, ಲೆಕ್ಕ ಹೆಚ್ಚುಕಡಿಮೆ ಅದೇ. ಅಮೆರಿಕದ ಫಾರಂನಲ್ಲಿ ಸರ್‌ನೇಮ್ ಎಂಬ ಖಾನೆ ಎದುರಾದಾಗ ನಮ್ಮವರು ಕೆಲವರು ಅಪ್ಪನ ಹೆಸರು, ಕೆಲವರು ಊರಿನ ಹೆಸರು ತುಂಬುತ್ತಾರೆ. ಅವರೂ ಹಾಗೇ ಮಾಡಿದರು. ಒಬ್ಬ ತಮ್ಮ ಲಾರ್ಸನ್ ಆದ, ಇನ್ನೊಬ್ಬ ತೋಟದ ಹೆಸರು ಇಟ್ಟುಕೊಂಡ, ಮಕ್ಕಳು ಓಲ್ಸನ್ ಆದರು. ನಾರ್ವೆಯಲ್ಲಿ ಎಲ್ಲರಿಗೂ ಒಂದು ಖಾಯಂ ಕುಟುಂಬದ ಹೆಸರು ಬೇಕು ಅಂತ ಕಾನೂನು ಬಂದದ್ದು 1923ರಲ್ಲಿ.

ಇದರ ಜೊತೆ ಇನ್ನೊಂದು ತೊಡಕಿದೆ. ತೋಟದ ಹೆಸರು ಮನುಷ್ಯನಿಗೆ ಅಂಟಿಕೊಂಡದ್ದಲ್ಲ, ಇರುವ ಜಾಗಕ್ಕೆ ಅಂಟಿಕೊಂಡದ್ದು. ಹೆಂಡತಿಯ ತೋಟಕ್ಕೆ ಹೋಗಿ ನೆಲೆಸಿದ ಗಂಡ ಆ ತೋಟದ ಹೆಸರಿಗೆ ಬದಲಾಗುತ್ತಾನೆ. ಸ್ವಂತ ಭೂಮಿ ಇಲ್ಲದೆ, ದೊಡ್ಡ ತೋಟದ ಅಂಚಿನಲ್ಲಿ ತುಂಡು ಜಾಗ ಹಿಡಿದು, ಯಜಮಾನನಿಗೆ ದುಡಿದು ಕೊಡುತ್ತಿದ್ದವರು ಜಾಗ ಬದಲಿಸಿದಂತೆಲ್ಲ ಹೆಸರೂ ಬದಲಾಗುತ್ತಿತ್ತು. ವಲಸೆ ಹೋದವರಲ್ಲಿ ಇಂಥವರು ಬಹಳ. ಆದ್ದರಿಂದ ಹುಟ್ಟಿದಾಗ ಒಂದು, ಮದುವೆಯಲ್ಲಿ ಒಂದು, ಹಡಗು ಹತ್ತುವಾಗ ಇನ್ನೊಂದು ಹೆಸರು ಕಂಡರೆ ಗಾಬರಿಯಾಗಬೇಡಿ.

ಪರೀಕ್ಷೆ ಹೀಗೆ. ಮನೆತನದ ಹೆಸರಿನ ಖಾನೆ ಖಾಲಿ ಬಿಡಿ. ಸ್ವಂತ ಹೆಸರು, ಹುಟ್ಟಿದ ವರ್ಷ, ಚರ್ಚ್ ವಲಯ ಇಷ್ಟೇ ಹಾಕಿ. ಬಂದ ಪಟ್ಟಿಯಲ್ಲಿ ಅಪ್ಪನ ಹೆಸರು ಹೊಂದುವವರನ್ನು ಆರಿಸಿ. ಹೆಂಗಸರನ್ನು ಹುಡುಕುವಾಗ ಡಾಟರ್ ಸೇರಿಸಿ ನೋಡಿ. ಅಮೆರಿಕದಲ್ಲಿ ಓಲ್ಸನ್ ಆಗಿದ್ದವಳು ನಾರ್ವೆಯಲ್ಲಿ ಓಲ್ಸ್‌ಡಾಟರ್. ಮದುವೆಯಾದ ಮೇಲೂ ಆ ಹಳ್ಳಿಗಳಲ್ಲಿ ಅವಳು ಓಲ್ಸ್‌ಡಾಟರ್‌ಳೇ. ಗಂಡನ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. "ಸನ್ ಅಂತ ಇದ್ದರೆ ಸ್ವೀಡನ್‌ನವರು, ಸೆನ್ ಅಂತ ಇದ್ದರೆ ನಾರ್ವೆಯವರು" ಎಂಬ ಮಾತೊಂದು ಓಡಾಡುತ್ತದೆ. ಅಮೆರಿಕದ ಗುಮಾಸ್ತ ಬರೆದ ಹೆಸರಿಗೆ ಅದನ್ನು ನಂಬಬೇಡಿ.

ಸ್ವಂತ ಹೆಸರೂ ಬದಲಾಗಿರುತ್ತದೆ. ಗುರಿ ಎಂಬವಳು ಜೂಲಿಯಾ ಆಗುತ್ತಾಳೆ. ಕಾರಿ ಕ್ಯಾರಿ ಆಗುತ್ತಾಳೆ. ಇಂಗೆಬೋರ್ಗ್ ಬೆಲ್ ಆಗಬಹುದು. ಸಿಗ್ರಿ ಸಾರಾ, ಬ್ರಿಟಾ ಬೆಟ್ಸಿ. ಗಂಡಸರಲ್ಲಿ ಆಂಡರ್ಸ್ ಆಂಡ್ರ್ಯೂ, ಲಾರ್ಸ್ ಲೂಯಿಸ್, ಶೂರ್ ಸೀವರ್ಟ್, ಹಾಲ್ವೋರ್ ಹೆನ್ರಿ. ಹೆಸರು ಬದಲಿಸಿದ್ದು ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿ ಅಂತ ಮನೆಯವರು ಹೇಳುತ್ತಾರೆ. ಆ ಅಧಿಕಾರಿಗಳ ಮುಂದೆ ಇದ್ದದ್ದು ಹಡಗಿನವರು ಮೊದಲೇ ಬರೆದು ತಂದ ಪಟ್ಟಿ. ಅದನ್ನು ನೋಡಿ ತಾಳೆ ಹಾಕುವುದಷ್ಟೇ ಅವರ ಕೆಲಸ. ಅಲ್ಲದೆ ಎಲ್ಲಿಸ್ ದ್ವೀಪದ ಕೇಂದ್ರ ತೆರೆದದ್ದೇ 1892ರ ಜನವರಿ 1ರಂದು. ನಿಮ್ಮವರು 1869ರಲ್ಲಿ ಬಂದಿದ್ದರೆ ಆ ಕಥೆಯನ್ನು ಬದಿಗಿಡಿ. ಹೆಸರು ಬದಲಾದದ್ದು ನಿಧಾನವಾಗಿ, ಶಾಲೆಯಲ್ಲಿ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ, ನೆರೆಯವರ ಬಾಯಲ್ಲಿ.

ಹೆಸರುವಾಸಿಗಳಿಂದಲೇ ಉದಾಹರಣೆ ಕೊಡುತ್ತೇನೆ. ಸಿಯೆರ್ರಾ ನೆವಾಡ ಬೆಟ್ಟಗಳಲ್ಲಿ ಹಿಮದ ಮೇಲೆ ಅಂಚೆ ಹೊತ್ತ ಸ್ನೋಶೂ ಥಾಂಪ್ಸನ್ ಕೇಳಲು ಅಪ್ಪಟ ಇಂಗ್ಲಿಷ್ ಹೆಸರು. ಅವನು 1827ರಲ್ಲಿ ಟೆಲೆಮಾರ್ಕ್‌ನ ಟಿನ್‌ನಲ್ಲಿ ಹುಟ್ಟಿದ ಯೊನ್ ಟೊರ್‌ಸ್ಟೈನ್‌ಸನ್ ರೂಎ. ಟೊರ್‌ಸ್ಟೈನ್‌ನ ಮಗ ಎಂಬುದು ಥಾಂಪ್ಸನ್ ಆಯಿತು, ರೂಎ ಎಂಬ ತೋಟ ಬಿದ್ದುಹೋಯಿತು. ಅಮೆರಿಕನ್ ಫುಟ್‌ಬಾಲ್ ತರಬೇತುದಾರ ನ್ಯೂಟ್ ರಾಕ್ನಿಯದ್ದು ಉಲ್ಟಾ. 1888ರಲ್ಲಿ ವೊಸ್‌ನಲ್ಲಿ ಹುಟ್ಟಿದಾಗ ಅವನು ಕ್ನೂಟ್ ಲಾರ್ಸೆನ್ ರೊಕ್ನೆ. ಇಲ್ಲಿ ಲಾರ್ಸೆನ್ ಬಿದ್ದುಹೋಗಿ ರೊಕ್ನೆ ಉಳಿಯಿತು. ಅಮೆರಿಕದ ಉಪಾಧ್ಯಕ್ಷನಾಗಿದ್ದ ವಾಲ್ಟರ್ ಮಾಂಡೇಲ್ ಅವರ ಮನೆತನದ ಹೆಸರು ಸೋಗ್ನ್ ಪ್ರದೇಶದ ಫ್ಯಾರ್ಲಾಂಡ್‌ನಲ್ಲಿರುವ ಮುಂಡಾಲ್‌ನಿಂದ ಬಂದದ್ದು. ಒಂದು ಸ್ವರ ಆಚೀಚೆ ಆದರೂ ಕಂಪ್ಯೂಟರ್ ಹುಡುಕಾಟ ಕೈಕೊಡುತ್ತದೆ.

ಈ ಮೂವರಿಗಿಂತ ಕಷ್ಟದ್ದು ನ್ಯೂಟ್ ನೆಲ್ಸನ್ ಕೇಸು. ಮಿನ್ನೆಸೋಟದ ಗವರ್ನರ್ ಆಗಿ, ಆಮೇಲೆ 1895ರಿಂದ 1923ರವರೆಗೆ ಸೆನೆಟರ್ ಆಗಿದ್ದವನು. ನೆಲ್ಸನ್ ಅಂದಮೇಲೆ ಅಪ್ಪ ನಿಲ್ಸ್ ಇರಬೇಕು ಅಂತ ಯಾರಾದರೂ ಹುಡುಕುತ್ತಾರೆ. ಆದರೆ ನಿಲ್ಸ್ ಅವನ ಮಲತಂದೆ. ಅಮ್ಮ ಮದುವೆಯಾಗದೆ 1843ರಲ್ಲಿ ವೊಸ್ ಬಳಿಯ ಎವಾಂಗರ್‌ನಲ್ಲಿ ಅವನನ್ನು ಹೆತ್ತಳು, 1849ರಲ್ಲಿ ಮಗನನ್ನು ಕರೆದುಕೊಂಡು ಅಮೆರಿಕಕ್ಕೆ ಬಂದಳು, ಅಲ್ಲಿ ನಿಲ್ಸ್‌ನನ್ನು ಮದುವೆಯಾದಳು. ನೆಲ್ಸನ್ ಎಂಬುದು ಹುಟ್ಟಿದ್ದು ಅಲ್ಲಿ. ಅಪ್ಪನ ಹೆಸರಿನಿಂದ ಹುಡುಕಿದರೆ ಈ ಕೇಸು ಯಾವತ್ತೂ ಬಿಡಿಸಿಕೊಳ್ಳುವುದಿಲ್ಲ. ಅಮ್ಮನಿಂದ ಹುಡುಕಬೇಕು. ಆದ್ದರಿಂದ ಹೆಸರಿನ ಪರೀಕ್ಷೆ ಪದೇಪದೇ ಸೋತರೆ, ಮಗು ಹುಟ್ಟಿದ್ದು ಮದುವೆಗೆ ಮೊದಲೇ, ಅಥವಾ ಅಮ್ಮನಿಗೆ ಇದು ಎರಡನೇ ಮದುವೆಯೇ ಅಂತ ನೋಡಿ.

ದೋಷ: ಊರು ಬರ್ಗನ್ ಅಂತ ಇದೆ, ಬರ್ಗನ್‌ನಲ್ಲಿ ಅವರಿಲ್ಲ

ಮನೆಯವರ ಬಾಯಲ್ಲಿ ಉಳಿದಿರುವುದು ದೊಡ್ಡ ಊರಿನ ಹೆಸರು. ಬರ್ಗನ್, ಟ್ರಾನ್‌ಹೈಮ್, ಕ್ರಿಸ್ಟಿಯಾನಿಯಾ. ಇದರ ಹಿಂದೆ ಮೂರು ಸಾಧ್ಯತೆ. ನಿಜವಾಗಿಯೂ ಅದೇ ನಗರ. ಇಲ್ಲವೇ ಹಡಗು ಹತ್ತಿದ ಬಂದರು. ಇಲ್ಲವೇ ಜಿಲ್ಲೆ. ಎರಡನೆಯದೂ ಮೂರನೆಯದೂ ಜಾಸ್ತಿ. ಆಗ ಬರ್ಗನ್ ನಗರದ ಆಚೆಗೆ ದಕ್ಷಿಣ ಬರ್ಗನ್‌ಹೂಸ್, ಉತ್ತರ ಬರ್ಗನ್‌ಹೂಸ್ ಅಂತ ಎರಡು ದೊಡ್ಡ ಜಿಲ್ಲೆಗಳಿದ್ದವು. ವೊಸ್‌ನವನೂ "ಬರ್ಗನ್" ಅಂತ ಹೇಳುವುದು ಸಹಜ.

ಹಳೆಯ ಜಿಲ್ಲೆಯ ಹೆಸರುಗಳು 1919ರಲ್ಲಿ ಬದಲಾದವು. ಬ್ರಾಟ್ಸ್‌ಬರ್ಗ್ ಇದ್ದದ್ದು ಟೆಲೆಮಾರ್ಕ್ ಆಯಿತು. ನೆಡೆನೆಸ್ ಔಸ್ಟ್-ಆಗ್ಡರ್ ಆಯಿತು. ಕ್ರಿಸ್ಟಿಯಾನ್ಸ್ ಓಪ್‌ಲಾಂಡ್ ಆಯಿತು. ದಕ್ಷಿಣ ಬರ್ಗನ್‌ಹೂಸ್ ಹೊರ್ಡಾಲಾಂಡ್ ಆಯಿತು. ರಾಜಧಾನಿ ಕ್ರಿಸ್ಟಿಯಾನಿಯಾ ಓಸ್ಲೋ ಆದದ್ದು 1925ರಲ್ಲಿ. 2020ರಲ್ಲಿ ಜಿಲ್ಲೆಗಳನ್ನು ಮತ್ತೆ ಒಂದುಗೂಡಿಸಿದರು, 2024ರಲ್ಲಿ ಕೆಲವನ್ನು ಪುನಃ ಬಿಡಿಸಿದರು. ಈಗಿನ ನಕ್ಷೆ ಇಟ್ಟುಕೊಂಡು ಹಳೆಯ ಕಾಗದ ಓದಿದರೆ ತಲೆ ಕೆಡುತ್ತದೆ ಅಷ್ಟೇ.

"ಸ್ವೀಡನ್" ಅಂತ ಬರೆದಿದ್ದರೂ ಕೂಡಲೇ ಸ್ವೀಡನ್‌ಗೆ ಹೋಗಬೇಡಿ. 1814ರಿಂದ 1905ರವರೆಗೆ ಎರಡೂ ದೇಶಕ್ಕೆ ಒಬ್ಬನೇ ರಾಜ. ಪೌರತ್ವದ ಅರ್ಜಿಯಲ್ಲಿ ಸ್ವೀಡನ್ ಮತ್ತು ನಾರ್ವೆಯ ರಾಜನ ಪ್ರಜೆತನ ಬಿಟ್ಟೆ ಅಂತ ಬರೆಸುತ್ತಿದ್ದರು. ಆಮೇಲೆ ಯಾರೋ ಸೂಚಿ ಮಾಡುವಾಗ ಮೊದಲ ಪದ ಮಾತ್ರ ಎತ್ತಿಕೊಂಡಿರಬಹುದು.

ಹುಡುಕಬೇಕಾದ ಘಟಕ ಚರ್ಚ್ ವಲಯ. ದೊಡ್ಡ ವಲಯಕ್ಕೆ ಪ್ರೆಸ್ಟೆಯೆಲ್ಡ್ ಅನ್ನುತ್ತಾರೆ, ಅದರೊಳಗಿನ ಚಿಕ್ಕ ಚಿಕ್ಕ ಚರ್ಚುಗಳ ವಲಯಕ್ಕೆ ಸೋಂಗ್ನ್. ಪುಸ್ತಕ ಇರುವುದು ಹೆಚ್ಚಾಗಿ ದೊಡ್ಡ ವಲಯದ ಹೆಸರಿನಲ್ಲಿ. ನಿಮ್ಮ ಕೈಯಲ್ಲಿ ಎವಾಂಗರ್ ಅಂತ ಚಿಕ್ಕ ಹೆಸರಿದ್ದರೆ 1840ರ ದಶಕದ ಪುಸ್ತಕವನ್ನು ವೊಸ್‌ನ ಕೆಳಗೆ ನೋಡಬೇಕು. ತೋಟದ ಹೆಸರು ಮಾತ್ರ ಗೊತ್ತಿದ್ದರೆ, ಡಿಜಿಟಲಾರ್ಕಿವೆಟ್‌ನ ಜನಗಣತಿಗಳಲ್ಲಿ ವಾಸಸ್ಥಳದ ಹೆಸರು ಹಾಕಿ ಹುಡುಕಬಹುದು. ಆದರೆ ಹೌಗೆನ್, ಬಕ್ಕೆನ್, ಮೂಎನ್, ಲೀಎನ್ ಇಂಥ ಹೆಸರಿನ ಜಾಗ ಕಣಿವೆಗೊಂದು ಇರುತ್ತದೆ. ಅಂಥ ಹೆಸರು ಒಂದೇ ಸಾಕ್ಷಿ ಆದರೆ ಅದನ್ನು ಸಾಕ್ಷಿ ಅಂತ ಲೆಕ್ಕಕ್ಕೇ ಹಿಡಿಯಬೇಡಿ. ವಿರಳವಾದ ತೋಟದ ಹೆಸರಿದ್ದರೆ ಅದೃಷ್ಟ.

ಊರು ಎಷ್ಟು ಹುಡುಕಿದರೂ ಸಿಗದಿದ್ದರೆ ಅಕ್ಕಪಕ್ಕದವರನ್ನು ನೋಡಿ. ಒಂದು ಕಣಿವೆಯವರು ಒಂದೇ ಕಡೆ ಹೋಗಿ ನೆಲೆಸುತ್ತಿದ್ದರು. ಜನಗಣತಿಯ ಅದೇ ಪುಟದ ಆಚೀಚೆ ಮನೆಗಳು, ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರು, ಪೌರತ್ವಕ್ಕೆ ಸಾಕ್ಷಿ ಹೇಳಿದವರು. ಇವರ ಊರು ಸಿಕ್ಕಿದರೆ ನಿಮ್ಮವರ ಊರೂ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಮತ್ತೊಂದು ಮಾತು: ಮಿನ್ನೆಸೋಟದಲ್ಲಿ ಸತ್ತವನು ಮೊದಲು ಅಲ್ಲಿಗೇ ಬಂದಿರಬೇಕೆಂದಿಲ್ಲ. ವಿಸ್ಕಾನ್ಸಿನ್‌ನ ಕಾಶ್ಕೊನಾಂಗ್‌ನಂಥ ಹಳೆಯ ನೆಲೆಯಲ್ಲಿ ನಾಲ್ಕೈದು ವರ್ಷ ಕೂಲಿ ಮಾಡಿ ಮುಂದೆ ಹೋದವರು ತುಂಬಾ ಜನ. ಆ ಹಳೆಯ ಊರಿನ ಚರ್ಚ್ ಪುಸ್ತಕದಲ್ಲೇ ಉತ್ತರ ಇರಬಹುದು.

ದೋಷ: ಹಡಗಿನ ಪಟ್ಟಿಯಲ್ಲಿ ಹೆಸರಿಲ್ಲ

ಮೊದಲು ವರ್ಷ ನೋಡಿ. 1850ರ ದಶಕದಲ್ಲಿ ಮತ್ತು 60ರ ದಶಕದ ಮೊದಲ ಭಾಗದಲ್ಲಿ ನಾರ್ವೆಯ ಬಹುಪಾಲು ಹಡಗುಗಳು ನ್ಯೂಯಾರ್ಕ್‌ಗೆ ಹೋಗಲಿಲ್ಲ, ಕೆನಡಾದ ಕ್ವಿಬೆಕ್‌ಗೆ ಹೋದವು. 1865ಕ್ಕಿಂತ ಹಿಂದಿನ ಕ್ವಿಬೆಕ್ ಪ್ರಯಾಣಿಕರ ಪಟ್ಟಿಗಳು ಬಹುತೇಕ ಉಳಿದಿಲ್ಲ. ನಿಮ್ಮವರು 1857ರಲ್ಲಿ ಬಂದಿದ್ದರೆ ಇಲ್ಲದ ಪಟ್ಟಿಯನ್ನು ಹುಡುಕುತ್ತಾ ಕೂರಬೇಡಿ.

ಹಬೆ ಹಡಗಿನ ಕಾಲಕ್ಕೆ ಬಂದರೆ ದಾರಿ ಬೇರೆ. ನಾರ್ವೆಯ ಬಂದರಿನಿಂದ ಚಿಕ್ಕ ಹಡಗಿನಲ್ಲಿ ಇಂಗ್ಲೆಂಡಿನ ಹಲ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಅಲ್ಲಿಂದ ದೊಡ್ಡ ಹಡಗು. ಅಮೆರಿಕದ ಪಟ್ಟಿಯಲ್ಲಿ "ಲಿವರ್‌ಪೂಲ್‌ನಿಂದ" ಅಂತ ಕಂಡರೆ ಅವರು ಇಂಗ್ಲಿಷರು ಅಂತಲ್ಲ. ನಾರ್ವೆಯ ಕಡೆ ಬೇರೆಯೇ ಪಟ್ಟಿ ಇದೆ. 1860ರ ದಶಕದ ಕೊನೆಯಿಂದ ಬಂದರಿನ ಪೊಲೀಸರು ವಲಸೆ ಹೋಗುವವರ ಹೆಸರು, ವಯಸ್ಸು, ಊರು, ಎಲ್ಲಿಗೆ ಟಿಕೆಟ್ ಎಂದು ಬರೆದಿಡಲು ಶುರುಮಾಡಿದರು. ಬರ್ಗನ್‌ನದು 1874ರಿಂದ ಸಿಗುತ್ತದೆ. ಸ್ಟಾವಾಂಗರ್‌ನ ಹಳೆಯ ಪಟ್ಟಿಗಳು ಉಳಿದಿಲ್ಲ. ಹತ್ತಿದ ಬಂದರಿಗೂ ಹುಟ್ಟಿದ ಊರಿಗೂ ಸಂಬಂಧ ಇರಬೇಕಿಲ್ಲ, ಹಾಗಾಗಿ ಒಂದರಲ್ಲಿ ಸಿಗದಿದ್ದರೆ ಇನ್ನೊಂದು ಬಂದರನ್ನೂ ನೋಡಿ.

ಇವೆಲ್ಲಕ್ಕಿಂತ ಮೊದಲು ನಾನು ತೆರೆಯುವುದು ಚರ್ಚ್ ಪುಸ್ತಕದ ಕೊನೆಯ ಹಾಳೆಗಳನ್ನು. ಅಲ್ಲಿ ವಲಯ ಬಿಟ್ಟು ಹೋದವರ ಪಟ್ಟಿ ಇರುತ್ತದೆ, ಊಟ್‌ಫ್ಲಿಟ್ಟೆದೆ ಎಂಬ ತಲೆಬರಹದಲ್ಲಿ. ತಾರೀಖು, ಹೆಸರು, ವಯಸ್ಸು, ತೋಟ, ಕೊನೆಗೆ ಹೋಗುವ ಜಾಗ. ಸಾಲು ಸಾಲಾಗಿ "ಅಮೆರಿಕ", ಅದರ ಕೆಳಗೆ "ಅದೇ", "ಅದೇ" ಅಂತ ಚುಕ್ಕೆ ಗುರುತು. ಕೆಲವು ವಸಂತಗಳಲ್ಲಿ ಇಡೀ ಪುಟವೇ ಹೀಗೆ. ಇಲ್ಲಿ ಸಿಕ್ಕಿದ ಒಂದು ಸಾಲು ಹಡಗಿನ ಪಟ್ಟಿಗಿಂತ ಮೇಲು, ಯಾಕೆಂದರೆ ಇದರಲ್ಲಿ ತೋಟದ ಹೆಸರಿದೆ. ಆದರೆ ಪಾದ್ರಿಗೆ ಹೇಳದೆ ಹೋದವರೂ ಇದ್ದರು. ಅಮೆರಿಕದ ಬಂದರಿನಲ್ಲಿ ಹಡಗಿನ ಕೆಲಸ ಬಿಟ್ಟು ಪರಾರಿಯಾದ ನಾವಿಕರಂತೂ ಯಾವ ಪ್ರಯಾಣಿಕರ ಪಟ್ಟಿಯಲ್ಲೂ ಇರುವುದಿಲ್ಲ.

ದೋಷ: ಒಂದೇ ಹೆಸರಿನವರು ಐದಾರು ಜನ

ಯಾರೂ ಸಿಗದಿರುವುದಕ್ಕಿಂತ ಅಪಾಯದ ದೋಷ ಇದು. ಸಿಗದಿದ್ದರೆ ನಿಲ್ಲುತ್ತೇವೆ. ಐದು ಜನ ಸಿಕ್ಕಿದರೆ ಇಷ್ಟವಾದ ಒಬ್ಬನನ್ನು ಆರಿಸಿ ಮುಂದೆ ಓಡುತ್ತೇವೆ. ಆಮೇಲೆ ಇನ್ನೂರು ವರ್ಷದ ವಂಶ ಯಾರದೋ ಮನೆಯದು.

ಇಲ್ಲಿ ಸರಿಯಾದವನನ್ನು ಹುಡುಕಬೇಡಿ. ತಪ್ಪಾದವರನ್ನು ಒಬ್ಬೊಬ್ಬರಾಗಿ ಹೊರಹಾಕಿ.

ಒಂದು ಹಾಳೆಯಲ್ಲಿ ಆ ವಲಯದಲ್ಲಿ ಆ ಎರಡು ಮೂರು ವರ್ಷದಲ್ಲಿ ಹುಟ್ಟಿದ, ಅಪ್ಪನ ಹೆಸರೂ ಹೊಂದುವ ಎಲ್ಲ ಮಕ್ಕಳನ್ನೂ ಬರೆದುಕೊಳ್ಳಿ. ಮೊದಲು ಸಾವಿನ ಪುಟಗಳನ್ನು ನೋಡಿ. ಹಸುಗೂಸಾಗಿ ತೀರಿಕೊಂಡವರು ಇಬ್ಬರಾದರೂ ಇರುತ್ತಾರೆ. ಅವರನ್ನು ಹೊಡೆದುಹಾಕಿ. ಇಲ್ಲೇ ಎಚ್ಚರ ಬೇಕು: ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವುದು ರೂಢಿ. ಅದೇ ಅಪ್ಪ ಅಮ್ಮನಿಗೆ 1848ರಲ್ಲಿ ಒಬ್ಬ ಓಲೆ, 1851ರಲ್ಲಿ ಇನ್ನೊಬ್ಬ ಓಲೆ ಇದ್ದರೆ ಮೊದಲನೆಯವನು ತೀರಿಕೊಂಡಿರಬಹುದು. ಆದರೆ ಖಂಡಿತ ಅಂತಲ್ಲ. ಎರಡೂ ಕಡೆಯ ತಾತಂದಿರ ಹೆಸರು ಓಲೆ ಆಗಿದ್ದರೆ ಬದುಕಿರುವ ಇಬ್ಬರು ಅಣ್ಣತಮ್ಮಂದಿರಿಗೂ ಓಲೆ ಅಂತಲೇ ಇಟ್ಟ ಮನೆಗಳಿವೆ.

ಆಮೇಲೆ ದೃಢೀಕರಣದ ಪುಟ, ಅಂದರೆ ದೀಕ್ಷಾಸ್ನಾನವಾದ ಮಕ್ಕಳು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿಯದ್ದು. 1736ರಿಂದ ಇದು ಎಲ್ಲರಿಗೂ ಕಡ್ಡಾಯ. ಸುಮಾರು 15ನೇ ವಯಸ್ಸಿಗೆ ಚರ್ಚಿನಲ್ಲಿ ಪರೀಕ್ಷೆ ಕೊಟ್ಟು ದೃಢೀಕರಣ ಪಡೆಯಬೇಕಿತ್ತು. ಈ ಸಾಲಿನಲ್ಲಿ ಹುಟ್ಟಿದ ದಿನ, ಅಪ್ಪ ಅಮ್ಮ, ವಾಸ, ಪಾಠ ಎಷ್ಟು ಬರುತ್ತಿತ್ತು ಎಂಬ ಟಿಪ್ಪಣಿ, ಸಿಡುಬಿನ ಲಸಿಕೆ ಹಾಕಿಸಿದ ತಾರೀಖು, ಎಲ್ಲ ಇರುತ್ತವೆ. 1810ರಿಂದ ಲಸಿಕೆ ಇಲ್ಲದೆ ದೃಢೀಕರಣವೂ ಇಲ್ಲ, ಮದುವೆಯೂ ಇಲ್ಲ. ಒಬ್ಬ ಹುಡುಗ ಹುಟ್ಟಿದ ಕಡೆಯಿಂದ ಬೇರೆ ತೋಟಕ್ಕೆ ಹೋದದ್ದು ಮೊದಲು ಗೊತ್ತಾಗುವುದು ಈ ಪುಟದಲ್ಲೇ.

ಮೂರನೆಯದು ಜನಗಣತಿ. ಹೆಸರು ಹೆಸರಾಗಿ ಬರೆದ ಗಣತಿಗಳು 1801, 1865, 1875, 1891, 1900, 1910, 1920. ನಿಮ್ಮವನು 1872ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಮದುವೆಯಾದದ್ದು ಖಚಿತ ಅಂತಿಟ್ಟುಕೊಳ್ಳಿ. 1875ರ ಗಣತಿಯಲ್ಲಿ ನಾರ್ವೆಯ ತೋಟದಲ್ಲಿ ಹೆಂಡತಿ ಮಕ್ಕಳೊಂದಿಗೆ ಕೂತಿರುವ ಅಭ್ಯರ್ಥಿ ನಿಮ್ಮವನಲ್ಲ. ಹೊಡೆದುಹಾಕಿ. ಹೋಗಿ ವಾಪಸ್ ಬಂದವರೂ ಕಡಿಮೆಯಿಲ್ಲ, ಆದ್ದರಿಂದ ಗಣತಿಯಲ್ಲಿ ಕಂಡವನು ಹೊಸದಾಗಿ ಬಂದವನೇ ಅಂತ ನೋಡಿಕೊಂಡು ಹೊಡೆಯಿರಿ. 1910ರ ಗಣತಿ ಅಮೆರಿಕದಿಂದ ಹಿಂತಿರುಗಿದವರಿಗೆ ಬೇರೆಯೇ ಪ್ರಶ್ನೆಗಳನ್ನು ಕೇಳಿತ್ತು.

ಕೊನೆಗೆ ಇಬ್ಬರು ಉಳಿದರೆ ಮಕ್ಕಳ ಹೆಸರಿನಿಂದ ತೂಗಿ. ಮೊದಲ ಮಗನಿಗೆ ಅಪ್ಪನ ಅಪ್ಪ, ಎರಡನೆಯವನಿಗೆ ಅಮ್ಮನ ಅಪ್ಪ, ಹೆಣ್ಣುಮಕ್ಕಳಿಗೆ ಅಜ್ಜಿಯರು. ಇದು ರೂಢಿಯೇ ಹೊರತು ಕಾನೂನಲ್ಲ. ವಿಧುರ ಮರುಮದುವೆಯಾದರೆ ಮೊದಲು ಹುಟ್ಟಿದ ಹೆಣ್ಣಿಗೆ ತೀರಿಹೋದ ಹೆಂಡತಿಯ ಹೆಸರು, ವಿಧವೆ ಮರುಮದುವೆಯಾದರೆ ಮೊದಲ ಗಂಡಿಗೆ ತೀರಿಹೋದ ಗಂಡನ ಹೆಸರು. ಇದು ಗೊತ್ತಿಲ್ಲದಿದ್ದರೆ "ಈ ಹೆಸರು ಎಲ್ಲಿಂದ ಬಂತು" ಅಂತ ಒದ್ದಾಡಬೇಕಾಗುತ್ತದೆ. ಹೆಸರಿನ ಸಾಲು ಹೊಂದಿದರೆ ಅದು ಬೆಂಬಲ ಮಾತ್ರ, ಅದೊಂದರ ಮೇಲೆ ತೀರ್ಮಾನ ಮಾಡಬೇಡಿ.

ಡಿಎನ್‌ಎ ಪರೀಕ್ಷೆ ಮಾಡಿಸಿದ್ದರೆ ಇಲ್ಲಿ ಸಹಾಯವಾಗುತ್ತದೆ. ಆದರೆ ಒಂದೇ ಕಣಿವೆಯೊಳಗೆ ತಲೆಮಾರುಗಟ್ಟಲೆ ಮದುವೆಯಾದವರಲ್ಲಿ ದೂರದ ನಂಟರೂ ಹತ್ತಿರದವರಂತೆ ಕಾಣುತ್ತಾರೆ.

ದೋಷ: ತಾರೀಖು ಹೊಂದುವುದಿಲ್ಲ

ಅಮೆರಿಕದಲ್ಲಿ ಮೇ 8, ನಾರ್ವೆಯಲ್ಲಿ ಆಗಸ್ಟ್ 5. ಬೇರೆ ಮನುಷ್ಯ ಅಂತ ಬಿಡಬೇಡಿ. ನಾರ್ವೆಯ ಪಾದ್ರಿ ದಿನ ಮೇಲೆ, ತಿಂಗಳು ಕೆಳಗೆ ಭಿನ್ನರಾಶಿಯಂತೆ 5/8 ಅಂತ ಬರೆಯುತ್ತಾನೆ. ಅಮೆರಿಕದವರು ತಿಂಗಳು ಮೊದಲು ಓದುತ್ತಾರೆ. 12ರ ಒಳಗಿನ ಎಲ್ಲ ದಿನಗಳಿಗೂ ಈ ಪರೀಕ್ಷೆ ಮಾಡಿ. ಹಾಗೆಯೇ 7 ಎಂಬ ಅಂಕಿಯ ಮುಂದೆ "ಬರ್" ಅಂತ ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್.

1865ರ ಗಣತಿಯಲ್ಲಿ ವಯಸ್ಸು ಒಂದು ವರ್ಷ ಜಾಸ್ತಿ ಕಾಣುತ್ತದೆ. ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಬರೆಯಿರಿ ಅಂತ ಖಾನೆಯ ಮೇಲೇ ಅಚ್ಚಾಗಿದೆ. 16 ಅಂತ ಇದ್ದರೆ 15 ತುಂಬಿದವನು. ಗಣತಿಯ ದಿನ ಡಿಸೆಂಬರ್ 31, ಹಾಗಾಗಿ ಹುಟ್ಟಿದ ವರ್ಷ 1850. ಇದನ್ನು ಮರೆತು 1849ರ ಪುಟಗಳಲ್ಲಿ ತಡಕಾಡುವವರು ಬಹಳ. ಹಳೆಯ ಪುಸ್ತಕಗಳಲ್ಲಿ ತಾರೀಖಿನ ಬದಲು ಹಬ್ಬದ ಹೆಸರಿರುತ್ತದೆ, ತ್ರಿನಿತಿಯ ನಂತರದ ಮೂರನೇ ಭಾನುವಾರ ಎಂಬ ಹಾಗೆ. ಇದಕ್ಕೆ ಆ ವರ್ಷದ ಈಸ್ಟರ್ ಗೊತ್ತಿರಬೇಕು. ಪರಿವರ್ತಿಸುವ ಕೋಷ್ಟಕಗಳು ಸುಲಭವಾಗಿ ಸಿಗುತ್ತವೆ.

ದೋಷ: ಪುಟ ಎದುರಿಗಿದೆ, ಓದಲು ಬರುವುದಿಲ್ಲ

ಗೋಥಿಕ್ ಕೈಬರಹ. ಇದರಲ್ಲಿ ಇ ಎಂಬುದು ಎನ್ ಥರ ಕಾಣುತ್ತದೆ, ಯು ಎಂಬುದೂ ಎನ್ ಥರವೇ, ಅದರ ಮೇಲೊಂದು ಪುಟ್ಟ ಗೆರೆ ಇದ್ದರೆ ಯು. ಪದ ಊಹಿಸುವ ಮೊದಲು ಖಾನೆ ಗುರುತಿಸಿ. ಸುಮಾರು 1820ರಿಂದೀಚೆಗೆ ಅಚ್ಚಾದ ಖಾನೆಗಳ ಪುಸ್ತಕ ಬಳಕೆಯಲ್ಲಿತ್ತು. ದೀಕ್ಷಾಸ್ನಾನದ ಪುಟದಲ್ಲಿ ಎಡದಿಂದ ಕ್ರಮಸಂಖ್ಯೆ, ಹುಟ್ಟಿದ ದಿನ, ಮಗುವಿನ ಹೆಸರು, ಮದುವೆಯಾದ ತಂದೆತಾಯಿಯ ಮಗುವೇ ಅಲ್ಲವೇ, ದೀಕ್ಷಾಸ್ನಾನದ ದಿನ, ಅಪ್ಪ ಅಮ್ಮ ಮತ್ತು ಅವರ ತೋಟ, ಕೊನೆಗೆ ಸಾಕ್ಷಿಗಳು. ಗಂಡು ಮಕ್ಕಳಿಗೆ ಒಂದು ಭಾಗ, ಹೆಣ್ಣು ಮಕ್ಕಳಿಗೆ ಇನ್ನೊಂದು.

ಅದೇ ಪಾದ್ರಿ ಬರೆದ ತಿಂಗಳ ಹೆಸರುಗಳನ್ನು ಮೊದಲು ಓದಿ. ಏನು ಬರೆದಿರಬೇಕು ಅಂತ ಗೊತ್ತಿರುವ ಪದಗಳು ಅವು. ಅಲ್ಲಿಂದ ಅವನ ಅಕ್ಷರಗಳನ್ನು ಒಂದು ಚೀಟಿಯಲ್ಲಿ ನಕಲು ಮಾಡಿಕೊಳ್ಳಿ. ಒಂದೇ ತೋಟದ ಹೆಸರು ಅದೇ ಪುಸ್ತಕದಲ್ಲಿ ಹತ್ತಾರು ಸಲ ಬರುತ್ತದೆ, ಎಲ್ಲೋ ಒಂದು ಕಡೆ ಸ್ಪಷ್ಟವಾಗಿ ಬರೆದಿರುತ್ತಾನೆ. ಅನೇಕ ವಲಯಗಳಲ್ಲಿ ಪಾದ್ರಿಯ ಪುಸ್ತಕದ ಜೊತೆ ಚರ್ಚಿನ ಗುಮಾಸ್ತನ ಇನ್ನೊಂದು ಪ್ರತಿಯೂ ಇದೆ. ಕ್ಲೊಕ್ಕರ್‌ಬೂಕ್ ಅನ್ನುತ್ತಾರೆ. ಪಾದ್ರಿಯ ಅಕ್ಷರ ಕೆಟ್ಟದಾಗಿದ್ದರೆ ಗುಮಾಸ್ತನದ್ದು ನೋಡಿ. ಕೆಲವು ಸಲ ಗುಮಾಸ್ತನ ಅಕ್ಷರವೇ ಚೆಂದ.

ಕಂಪ್ಯೂಟರ್ ಸೂಚಿಯಲ್ಲಿ ಹುಡುಕುವಾಗ ನಾರ್ವೆಯ ಮೂರು ಹೆಚ್ಚುವರಿ ಅಕ್ಷರಗಳನ್ನು ನೆನಪಿಡಿ: ಎ ಮತ್ತು ಇ ಅಂಟಿಕೊಂಡದ್ದು, ಅಡ್ಡಗೆರೆಯ ಓ, ಮೇಲೆ ಸೊನ್ನೆ ಇರುವ ಎ. ಸೊನ್ನೆಯ ಎ ಹಳೆಯ ಬರಹದಲ್ಲಿ ಜೋಡಿ ಎ ಆಗಿರುತ್ತದೆ. ಈ ಮೂರೂ ಅವರ ಅಕ್ಷರಮಾಲೆಯಲ್ಲಿ ಝಡ್ ಆದಮೇಲೆ ಬರುತ್ತವೆ, ಹಾಗಾಗಿ ತೋಟಗಳ ಪಟ್ಟಿಯ ಮೊದಲಲ್ಲಿ ಕಾಣದ ಹೆಸರು ಕೊನೆಯಲ್ಲಿ ಇರಬಹುದು. ಅನುಮಾನವಿದ್ದ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ.

ದೋಷ: ಪುಸ್ತಕವೇ ಇಲ್ಲ

ಪಾದ್ರಿಯ ಮನೆಗೆ ಬೆಂಕಿ ಬಿದ್ದು ಕೆಲವು ವಲಯಗಳ ಪುಸ್ತಕ ಸುಟ್ಟುಹೋಗಿವೆ. ನಿಜಕ್ಕೂ ಇಲ್ಲವೇ, ಅಥವಾ ಬೇರೆ ವಲಯದ ಹೆಸರಿನಲ್ಲಿದೆಯೇ ಎಂದು ಮೊದಲು ನೋಡಿ. ವಲಯಗಳನ್ನು ಒಡೆಯುತ್ತಾ ಕೂಡಿಸುತ್ತಾ ಇದ್ದರು. ಗುಮಾಸ್ತನ ಪ್ರತಿ ಉಳಿದಿರಬಹುದು. ಅದೂ ಇಲ್ಲದಿದ್ದರೆ ಜನಗಣತಿ, ಆಸ್ತಿ ಹಂಚಿಕೆಯ ಕಡತ, ಸೈನ್ಯಕ್ಕೆ ಸೇರಿಸಿಕೊಂಡವರ ಪಟ್ಟಿ. ಆಸ್ತಿ ಹಂಚಿಕೆಯ ಕಡತದಲ್ಲಿ ಒಂದು ಲಾಭವಿದೆ: ಅಮೆರಿಕಕ್ಕೆ ಹೋದ ಮಗನನ್ನೂ ವಾರಸುದಾರ ಅಂತ ಹೆಸರಿಸಿ, "ಅಮೆರಿಕದಲ್ಲಿದ್ದಾನೆ" ಅಂತ ಬರೆದಿರುತ್ತಾರೆ.

ಇನ್ನೊಂದು ದಾರಿ ಬಿಗ್ಡೆಬೂಕ್. ಒಂದು ಊರಿನ ತೋಟ ತೋಟವನ್ನೂ ತೆಗೆದುಕೊಂಡು, ಅಲ್ಲಿ ಯಾರ್ಯಾರು ಇದ್ದರು, ಯಾವ ಮಕ್ಕಳು ಎಲ್ಲಿಗೆ ಹೋದರು ಅಂತ ಸ್ಥಳೀಯರು ಬರೆದ ದಪ್ಪ ಸಂಪುಟಗಳು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ನಾರ್ವೇಜಿಯನ್ ಅಮೆರಿಕನ್ ವಂಶಾವಳಿ ಕೇಂದ್ರದಲ್ಲಿ ಇವುಗಳ ದೊಡ್ಡ ಸಂಗ್ರಹ ಇದೆ. ನಾರ್ವೆಯ ರಾಷ್ಟ್ರೀಯ ಗ್ರಂಥಾಲಯವೂ ಸ್ಕ್ಯಾನ್ ಮಾಡಿಟ್ಟಿದೆ, ಆದರೆ ಎಲ್ಲವೂ ಹೊರದೇಶಕ್ಕೆ ತೆರೆದಿಲ್ಲ. ತುಂಬಾ ಉಪಯೋಗದ ಪುಸ್ತಕ, ಆದರೆ ಬರೆದವರೂ ಮನುಷ್ಯರೇ. ಅದರಲ್ಲಿ ಕಂಡ ಪ್ರತಿ ಹುಟ್ಟಿಗೂ ಚರ್ಚ್ ಪುಸ್ತಕದ ಪುಟ ತೆರೆದು ನೋಡಿ. ಇಂಟರ್ನೆಟ್ಟಿನಲ್ಲಿ ಬೇರೆಯವರು ಹಾಕಿದ ಮರಕ್ಕೂ ಇದೇ ಮಾತು. ಹತ್ತು ಮರಗಳಲ್ಲಿ ಒಂದೇ ಅಪ್ಪ ಇದ್ದರೆ ಹತ್ತು ಸಾಕ್ಷಿ ಅಲ್ಲ, ಒಬ್ಬರು ಬರೆದದ್ದನ್ನು ಒಂಬತ್ತು ಜನ ನಕಲು ಹೊಡೆದಿರಬಹುದು. ಮರ ನಾರ್ವೆಯ ಮೊದಲ ರಾಜ ಅನ್ನಿಸಿಕೊಂಡ ಹಾರಾಲ್ಡ್‌ನವರೆಗೆ ಹೋಗಿದ್ದರೆ ಅದನ್ನು ಮುಚ್ಚಿ, 1865ರ ಗಣತಿಯಿಂದ ಮತ್ತೆ ಶುರುಮಾಡಿ.